ಎರಡನೇ ಸ್ಯಾಂಪಲ್

ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಮೈಸೂರಿನ ಹೊರವಲಯದ ಸಂಶೋಧನಾ ಕೇಂದ್ರವೊಂದರಲ್ಲಿ ಕರೆಂಟು ಹೋಯಿತು. ಆ ಹೊತ್ತಿಗೆ ಭಾನು ತನ್ನೂರು ಹಂಗಳದಲ್ಲಿ, ಮನೆ ಮುಂದೆ ಕಟ್ಟಿದ ಶಾಮಿಯಾನದ ಕೆಳಗೆ, ಅಪ್ಪನ ತಲೆಯ ಪಕ್ಕ ಕೂತಿದ್ದಳು.

ಅಪ್ಪ ಪುಟ್ಟಮಾದಯ್ಯ ಅಂದು ನಸುಕಿಗೆ ಚಾಮರಾಜನಗರದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಲಕ್ವ ಹೊಡೆದು ಎರಡು ದಿನವಾಗಿತ್ತು. ಆಂಬುಲೆನ್ಸ್ ತೆರಕಣಾಂಬಿ ದಾಟಿ, ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಹಾದು ಹಂಗಳ ಮುಟ್ಟುವಾಗ ಜನವರಿಯ ಮಂಜು ಇನ್ನೂ ಕರಗಿರಲಿಲ್ಲ. ಮಣ್ಣು ಮಾಡಲು ಎಲ್ಲ ಸಿದ್ಧವಿತ್ತು, ಆದರೆ ಮಗ, ಭಾನುವಿನ ಅಣ್ಣ ಶಾಂತರಾಜು ಬರಬೇಕಿತ್ತು. ಅವನು ತರಕಾರಿ ಲಾರಿಯ ಡ್ರೈವರ್. ಕೋಯಿಕ್ಕೋಡಿನ ಮಾರ್ಕೆಟ್‌ನಲ್ಲಿ ಲೋಡು ಇಳಿಸಿ ವಾಪಸ್ ಹೊರಟವನು ಘಾಟಿನಲ್ಲಿ ಸಿಕ್ಕಿಬಿದ್ದಿದ್ದ. ಮುಂದೆ ಯಾವುದೋ ಟ್ಯಾಂಕರ್ ಕೆಟ್ಟು ನಿಂತು ಎರಡೂ ಕಡೆ ಗಾಡಿಗಳು ಸಾಲುಗಟ್ಟಿದ್ದವು.

ಬೆಳಗಿನಿಂದ ಭಾನುವಿನ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಅಪ್ಪನ ತಂಗಿ ಸೋಮಮ್ಮ ಅದನ್ನು ಅವಳ ಕೈಯಿಂದ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿದ್ದಳು.

“ಕೊಡು ಇತ್ತ. ಫೋನ್ ಮಾಡ್ದೋರ್ಗೆಲ್ಲ ನಾನ್ ಯೋಳ್ತೀನಿ. ನೀನು ಅಪ್ಪನ ತಾವು ಕುಂತಿರು. ಇನ್ನೆಷ್ಟ್ ವತ್ತು ಅಪ್ಪನ ಜೊತೆ ಕುಂತಿರಕ್ಕಾದದು.”

ಭಾನು ಕೊಟ್ಟಿದ್ದಳು.

ಮೈಸೂರಿನಲ್ಲಿ ಕರೆಂಟು ಹೋದಾಗ ನಿಂತದ್ದು ಒಂದು ಶೀತಯಂತ್ರ. ಆಳೆತ್ತರದ ಹಿತ್ತಾಳೆ ಬಣ್ಣದ ತಟ್ಟೆಗಳನ್ನು ಒಂದರ ಕೆಳಗೊಂದು ತೂಗುಹಾಕಿದಂತಿರುವ ಆ ಯಂತ್ರದ ತುದಿಯಲ್ಲಿ, ಬೆರಳುಗುರಿಗಿಂತ ಚಿಕ್ಕ ಚಿಪ್ಪಿನ ಮೇಲೆ, ಭಾನುವಿನ ಐದು ವರ್ಷದ ಕೆಲಸ ಕೂತಿತ್ತು. ಟಂಗ್‌ಸ್ಟನ್ ಮತ್ತು ಸೆಲೀನಿಯಂ ಸೇರಿದ ಕಪ್ಪು ಹರಳಿನಿಂದ ಅಂಟುಟೇಪಿನಲ್ಲಿ ಎಬ್ಬಿಸಿದ ಎರಡು ಪದರಗಳು. ಹರಳನ್ನು ಇದಕ್ಕಿಂತ ತೆಳ್ಳಗೆ ಬಿಡಿಸಲು ಆಗುವುದಿಲ್ಲ, ಅಷ್ಟು ತೆಳ್ಳಗಿನವು. ಒಂದರ ಮೇಲೊಂದನ್ನು ತುಸುವೇ ತಿರುಚಿ ಕೂರಿಸಬೇಕು. ಒಂದು ಕೂದಲೆಳೆ ಹೆಚ್ಚು ತಿರುಗಿದರೂ ಕೆಲಸಕ್ಕೆ ಬಾರದು. ಅಂಥ ಸ್ಯಾಂಪಲ್‌ಗಳನ್ನು ಭಾನು ಎಷ್ಟೋ ಮಾಡಿದ್ದಳು, ಸರಿಯಾದದ್ದು ಎರಡೇ.

ಇದನ್ನು ಅವಳು ಅಪ್ಪನಿಗೆ ವಿವರಿಸಿದ್ದು ಮನೆಯ ಹಿಂದಿನ ನರ್ಸರಿಯಲ್ಲಿ. ಪುಟ್ಟಮಾದಯ್ಯ ಚೆಂಡುಹೂವು, ಟೊಮೆಟೊ, ಕೋಸಿನ ಸಸಿ ಬೆಳೆಸಿ ಸುತ್ತಲ ರೈತರಿಗೆ ಮಾರುತ್ತಿದ್ದರು. ಹಸಿರು ನೆರಳು ಬಲೆ ಒಂದು ಕಡೆ ಹರಿದಿತ್ತು. ಅದರ ಮೇಲೆ ಇನ್ನೊಂದು ಬಲೆ ಹಾಸಿ ಕಟ್ಟುತ್ತಿದ್ದಾಗ ಅವರೇ ಕೇಳಿದ್ದರು:

“ಇದೇನಮ್ಮಿ, ಬಲೆ ಮ್ಯಾಲೆ ಬಲೆ ಆಕುದ್ರೆ ಇಷ್ಟಿಷ್ಟಗಲದ ಇನ್ನೊಂದು ಬಲೆ ಕಾಣ್ತದಲ್ಲ? ಅದ ಯಾರೂ ನೇಯ್ದಿಲ್ವಲ್ಲ?”

“ಅದೇ ಕಣಪ್ಪ ನನ್ ಕೆಲ್ಸ.”

“ಬಲೆ ಕಟ್ಟದಾ? ಇದ್ಕೆ ಮೈಸೂರ್ಗಂಟ ಯಾಕ್ ಓದೆ?”

ಭಾನು ನಗುತ್ತ ಒಂದು ಟ್ರೇ ಎತ್ತಿಕೊಂಡಿದ್ದಳು. ಟ್ರೇಯ ಒಂದೊಂದು ಗುಣಿಯಲ್ಲಿ ಒಂದೊಂದು ಸಸಿ. ಆ ಯಾರೂ ನೇಯದ ಬಲೆಯ ಪ್ರತಿ ಕಣ್ಣೂ ಇಂಥ ಒಂದು ಗುಣಿ, ಪ್ರತಿ ಗುಣಿಯಲ್ಲಿ ಒಂದು ಎಲೆಕ್ಟ್ರಾನ್ ಎಂದಳು. ಎಲೆಕ್ಟ್ರಾನ್‌ಗೆ ಎಲೆಕ್ಟ್ರಾನ್ ಕಂಡರಾಗದು, ಒಂದೇ ಗುಣಿಯಲ್ಲಿ ಎರಡು ಇರಲು ಒಪ್ಪುವುದಿಲ್ಲ. ಎಲ್ಲ ಗುಣಿ ತುಂಬಿದ್ದರೆ ಯಾವುದೂ ಕದಲುವಂತಿಲ್ಲ, ಕರೆಂಟು ಹರಿಯುವುದಿಲ್ಲ. ಆಮೇಲೆ ಪದರದ ಮೇಲೂ ಕೆಳಗೂ ಇರುವ ಲೋಹದ ತಗಡುಗಳಿಗೆ ವೋಲ್ಟೇಜು ಕೊಡುತ್ತ ಹೋದರೆ ಗುಣಿಗಳ ಆಳ ಬದಲಾಗುತ್ತದೆ. ಆ ತಗಡಿಗೆ ಗೇಟ್ ಎನ್ನುತ್ತಾರೆ. ಯಾವುದೋ ಒಂದು ಹಂತದಲ್ಲಿ ಅಷ್ಟೂ ಎಲೆಕ್ಟ್ರಾನ್‌ಗಳು ಹರಿಯತೊಡಗುತ್ತವೆ.

“ಬಿಸಿ ಮಾಡುದ್ರೆ ಮಂಜುಗಡ್ಡೆ ನೀರಾದಂಗೆ?”

“ಬಿಸಿನೇ ಮಾಡಲ್ಲ ಕಣಪ್ಪ. ಇನ್ನು ತಣ್ಣಗೆ ಮಾಡಕ್ಕೇ ಆಗಲ್ಲ ಅನ್ನೋವಷ್ಟು ತಣ್ಣಗಿರ್ತದೆ. ಆದ್ರೂ ಬದಲಾಗ್ತದೆ. ಎಲೆಕ್ಟ್ರಾನ್ ಸ್ವಭಾವದಲ್ಲೇ ಒಂದು ತಳಮಳ ಅದೆ, ಅದು ಎಷ್ಟ್ ತಣ್ಣಗಾದ್ರೂ ಓಗಲ್ಲ. ಅದ್ರಿಂದ.”

ಇದಕ್ಕೆ ಅವಳ ಪುಸ್ತಕಗಳಲ್ಲಿ ಕ್ವಾಂಟಮ್ ಸ್ಥಿತ್ಯಂತರ ಎಂಬ ಹೆಸರಿತ್ತು. ಪುಟ್ಟಮಾದಯ್ಯ ಟ್ರೇಯನ್ನು ಇಸಿದುಕೊಂಡು ನೋಡಿದ್ದರು.

“ಅಂದ್ರೆ ಗುಣೀಲಿರೋ ಸಸಿ ಎಲ್ಲಾ ಒಂದೇ ಸಲ ಎದ್ದು ಓಡ್ತವೆ ಅಂತೀಯ.”

“ಊ.”

“ಅಂಗಾದ್ರೆ ನನ್ ನರ್ಸರಿ ತಾವು ನೀನು ಬರ್ಬ್ಯಾಡ ಕಣಮ್ಮಿ.”

ಅಂದಿನಿಂದ ಅವಳು ಊರಿಗೆ ಬಂದಾಗಲೆಲ್ಲ ಅಪ್ಪ ಕೇಳುತ್ತಿದ್ದುದು ಒಂದೇ ಮಾತು. ಸಸಿ ಎದ್ದವಾ? ಕಳೆದ ವರ್ಷ ಮೊದಲ ಸ್ಯಾಂಪಲ್‌ನಲ್ಲಿ ಎದ್ದವು. ಕರೆಂಟು ಹರಿಯದ ನಿರೋಧಕ ಸ್ಥಿತಿಯಿಂದ ಹರಿಯುವ ಲೋಹದ ಸ್ಥಿತಿಗೆ ದಾಟುವ ಜಾಗ ಅಳತೆಯಲ್ಲಿ ಚೆನ್ನಾಗಿಯೇ ಕಂಡಿತು. ಭಾನು ಕುಣಿಯುವುದೊಂದು ಬಾಕಿ. ಆದರೆ ಅವಳ ಗೈಡ್ ಪ್ರೊಫೆಸರ್ ಸುಧಾಮಣಿ ಒಪ್ಪಲಿಲ್ಲ. “ಒಂದು ಸ್ಯಾಂಪಲ್‌ನಲ್ಲಿ ಕಂಡಿದ್ದು ಕೊಳೆಯಿಂದಲೂ ಆಗಿರಬಹುದು. ಎರಡನೇದರಲ್ಲೂ ಅದೇ ಜಾಗದಲ್ಲಿ ಬರಲಿ, ಆಗ ಹೇಳೋಣ,” ಎಂದಿದ್ದರು. ಅವಳು ಅದನ್ನು ಅಪ್ಪನಿಗೂ ಹೇಳಿದ್ದಳು. ಮೊದಲ ಸ್ಯಾಂಪಲ್ ಆಮೇಲೆ ಹೊರತೆಗೆಯುವಾಗ ಹಾಳಾಯಿತು.

ಎರಡನೆಯದು ಡಿಸೆಂಬರ್‌ನಲ್ಲಿ ಯಂತ್ರದೊಳಗೆ ಹೋಯಿತು. ಅಳತೆ ಆ ಜಾಗದ ಹತ್ತಿರ ಹತ್ತಿರ ಬಂದಿತ್ತು. ಅಪ್ಪನಿಗೆ ಲಕ್ವ ಹೊಡೆದ ಭಾನುವಾರ ಬೆಳಿಗ್ಗೆ ಅವ್ವನ ಫೋನ್ ಬಂದಾಗ ಭಾನು ಗೇಟಿನ ವೋಲ್ಟೇಜನ್ನು ಚೂರು ಚೂರೇ ಏರಿಸುತ್ತಿದ್ದಳು. ಪ್ರಯೋಗಾಲಯದ ನಿಯಮದಂತೆ, ಬಿಟ್ಟು ಹೋಗುವವರು ಗೇಟನ್ನು ನಿಧಾನವಾಗಿ ಸೊನ್ನೆಗೆ ಇಳಿಸಿ ಹೋಗಬೇಕು. ಇಳಿಸಲು ಅರ್ಧ ಗಂಟೆ ಸಾಕು. ಆದರೆ ಮತ್ತೆ ಏರಿಸಿ ಅದೇ ಜಾಗ ಹಿಡಿಯಲು ಇಡೀ ದಿನ ಬೇಕು. ಮಾರನೇ ದಿನ ಬಂದು ಮುಂದುವರಿಸಿದರಾಯಿತೆಂದು ಅವಳು ವೋಲ್ಟೇಜನ್ನು ಹಾಗೆಯೇ ಬಿಟ್ಟು ಬಸ್ಸು ಹತ್ತಿದಳು.

ಆಸ್ಪತ್ರೆಯಲ್ಲಿ ಅಪ್ಪನಿಗೆ ಮಾತು ಬಿದ್ದುಹೋಗಿತ್ತು. ಬಲಗೈ ಏಳುತ್ತಿರಲಿಲ್ಲ. ಸೋಮವಾರ ಮಧ್ಯಾಹ್ನ ಭಾನುವನ್ನು ನೋಡಿ ಎಡಗೈಯ ಎರಡು ಬೆರಳೆತ್ತಿದರು. ಎರಡು ಲೋಟ ನೀರು ಕೇಳುತ್ತಿದ್ದಾರೆ ಎಂದಳು ಸೋಮಮ್ಮ. ಇಬ್ಬರು ಮಕ್ಕಳನ್ನೂ ಕೇಳುತ್ತಿದ್ದಾರೆ, ಶಾಂತ ಎಲ್ಲಿ ಅಂತ, ಎಂದಳು ಅವ್ವ ಮೂಗಮ್ಮ. ಭಾನು ಬಗ್ಗಿ ಕಿವಿಯ ಹತ್ತಿರ, “ಎರಡ್ನೇದು ಇನ್ನೊಂದ್ ವಸಿ ಅದೆ ಕಣಪ್ಪ. ಬತ್ತದೆ,” ಅಂದಳು. ಬೆರಳು ಕೆಳಗಿಳಿದವು.

ಮಂಗಳವಾರ ಕರೆಂಟು ಹೋದಾಗ ಪ್ರಯೋಗಾಲಯದಲ್ಲಿ ಇದ್ದವನು ಮರಿಮಲ್ಲಪ್ಪ ಒಬ್ಬನೇ. ಹರವೆಯವನು, ನಲವತ್ತೈದರ ಆಸುಪಾಸು, ಪಂಪು, ಪೈಪು, ಸಿಲಿಂಡರ್‌ಗಳನ್ನು ನೋಡಿಕೊಳ್ಳುವ ಗುತ್ತಿಗೆ ಟೆಕ್ನಿಶಿಯನ್. ಸುಧಾಮಣಿ ಅವರು ಸಮ್ಮೇಳನಕ್ಕೆಂದು ಜರ್ಮನಿಗೆ ಹೋಗುವ ವಿಮಾನದಲ್ಲಿದ್ದರು. ಆ ಕಟ್ಟಡಕ್ಕೆ ಜನರೇಟರ್ ಮಂಜೂರಾಗಿತ್ತು, ಬಂದಿರಲಿಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಸಂಜೆಯಾಗಬಹುದು ಎಂದು ಕಟ್ಟಡದ ಸೆಕ್ಯೂರಿಟಿಯವನು ಹೇಳಿದ. ಯಂತ್ರ ನಿಂತು ಸ್ಯಾಂಪಲ್ ಬೆಚ್ಚಗಾಗುವುದರಿಂದ ದೊಡ್ಡ ನಷ್ಟವಿರಲಿಲ್ಲ, ಮತ್ತೆ ತಣ್ಣಗೆ ಮಾಡಬಹುದಿತ್ತು. ಕಷ್ಟ ಬೇರೆ ಕಡೆ ಇತ್ತು. ಗೇಟಿಗೆ ವೋಲ್ಟೇಜು ಕೊಡುವ ಪೆಟ್ಟಿಗೆ ಯುಪಿಎಸ್ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಬ್ಯಾಟರಿ ನಾಲ್ಕು ಗಂಟೆ ತಡೆಯುತ್ತದೆ. ಅದು ಮುಗಿದ ಗಳಿಗೆಯಲ್ಲಿ ವೋಲ್ಟೇಜು ಏಕ್‌ದಂ ಬೀಳುತ್ತದೆ. ಅಂಥ ಹೊಡೆತವನ್ನು ಆ ತೆಳು ಪದರಗಳು ತಾಳುವುದಿಲ್ಲ.

ಪೆಟ್ಟಿಗೆಯ ಮೇಲೆ ಅಂಕಿ ಹೊಳೆಯುತ್ತಿರುವುದನ್ನು ಮರಿಮಲ್ಲಪ್ಪ ನೋಡಿದ. ಅದು ಸೊನ್ನೆ ಇರಬೇಕಿತ್ತೆಂಬುದು ಅವನಿಗೆ ಗೊತ್ತು. ಎರಡು ಗೇಟುಗಳನ್ನು ಯಾವ ಲೆಕ್ಕದಲ್ಲಿ ಜೊತೆಜೊತೆಗೆ ಇಳಿಸಬೇಕೆಂಬುದು ಗೊತ್ತಿರಲಿಲ್ಲ. ಅವನು ಭಾನುವಿಗೆ ಫೋನ್ ಮಾಡಿದ. ಎತ್ತಿದ್ದು ಸೋಮಮ್ಮ.

“ಅಲೋ, ಮೇಡಮ್ಮೋರಾ?”

“ಅವ್ಳು ಅಪ್ಪನ ತಾವು ಕುಂತವ್ಳೆ. ನಾನು ಅವ್ಳ ಸ್ವಾದ್ರತ್ತೆ. ಯಾರಪ್ಪ?”

“ನಾನು ಮರಿಮಲ್ಲಪ್ಪ ಅಂತ, ಮೈಸೂರ್ ಲ್ಯಾಬಿಂದ. ಸುದ್ದಿ ಬೆಳಿಗ್ಗೇನೆ ಗೊತ್ತಾಯ್ತು. ಮಣ್ಣಾಯ್ತಾ ತಾಯಿ?”

“ಎಲ್ ಆದದಪ್ಪ. ಮಗ ಘಾಟೀಲಿ ನಿಂತ್ಕಂಡವ್ನೆ. ಏನಾರ ಯೋಳ್ಬೇಕಾ?”

“ಮಿಷಿನ್ದು ಒಂದು...” ಅವನು ತಡೆದ. “ಬ್ಯಾಡ ಬುಡಿ ತಾಯಿ. ಈಗ ಯೋಳ್ಬ್ಯಾಡಿ. ಮಣ್ಣಾದ್ಮ್ಯಾಲೆ ನಾನೇ ಮಾಡ್ತೀನಿ.”

“ಒಳ್ಳೇದಪ್ಪ,” ಎಂದು ಸೋಮಮ್ಮ ಇಟ್ಟಳು.

ಆ ಕಡೆಯ ಊರುಗಳಲ್ಲಿ ಹೆಣ ಮನೆ ಮುಂದಿರುವಾಗ ಆ ಮನೆಗೆ ಇನ್ನೊಂದು ಕೆಟ್ಟ ಸುದ್ದಿ ಒಯ್ಯುವುದಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆ ಸತ್ತರೂ, ಆನೆ ಬಂದು ಬೆಳೆ ತುಳಿದು ಹೋದರೂ ಅಕ್ಕಪಕ್ಕದವರು ಬಾಯಿ ಬಿಡದೆ ತಾವೇ ನಿಭಾಯಿಸುತ್ತಾರೆ. ಮಣ್ಣು ಮಾಡಿ ಬಂದು, ಮಿಂದು, ದೀಪ ನೋಡಿದ ಮೇಲೆ ಮೆಲ್ಲಗೆ ಹೇಳುತ್ತಾರೆ. ಮರಿಮಲ್ಲಪ್ಪ ಅದೇ ನಡವಳಿಕೆಯಲ್ಲಿ ಬೆಳೆದವನು. ಬೆಂಗಳೂರಿನವನೋ ಬಿಹಾರದವನೋ ಆ ಜಾಗದಲ್ಲಿದ್ದಿದ್ದರೆ ಸೋಮಮ್ಮನ ಮಾತನ್ನು ಲೆಕ್ಕಿಸದೆ ಭಾನುವನ್ನು ಕರೆಯಿರಿ ಎನ್ನುತ್ತಿದ್ದ. ಬ್ಯಾಟರಿ ಮುಗಿಯುವುದರೊಳಗೆ ಮಣ್ಣಾಗುತ್ತದೆಂದು ಅವನ ಅಂದಾಜು. ಕುರ್ಚಿ ಎಳೆದುಕೊಂಡು ಬ್ಯಾಟರಿಯ ಮುಂದೆ ಕೂತ.

ಶಾಂತರಾಜುವಿನ ಲಾರಿ ಹಂಗಳಕ್ಕೆ ಬಂದಾಗ ಎರಡೂವರೆ ದಾಟಿತ್ತು. ಅವನು ಲಾರಿಯ ಬಾಗಿಲನ್ನೂ ಮುಚ್ಚದೆ ಓಡಿಬಂದು ಅಪ್ಪನ ಕಾಲ ಮೇಲೆ ಬಿದ್ದ. ಆಮೇಲೆ ಯಾವುದಕ್ಕೂ ತಡವಾಗಲಿಲ್ಲ. ನರ್ಸರಿಯ ಪಕ್ಕದ ತಮ್ಮದೇ ಹೊಲದ ಬದುವಿನಲ್ಲಿ ಗುಂಡಿ ತೆಗೆದಿದ್ದರು. ಹೆಂಗಸರೂ ಹೋದರು. ಭಾನು ಮೂರು ಹಿಡಿ ಮಣ್ಣು ಹಾಕಿದಳು. ಕೆಂಪು ಮಣ್ಣು, ಬೆಳಿಗ್ಗೆ ಅಗೆದದ್ದು ಆಗಲೇ ಒಣಗಿ ಪುಡಿಯಾಗಿತ್ತು. ವಾಪಸ್ ಬಂದು ತಲೆಗೆ ನೀರು ಹಾಕಿಕೊಂಡು, ಅಪ್ಪ ಮಲಗುತ್ತಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಹೊರಗೆ ಬಂದಾಗ ಸೋಮಮ್ಮ ಫೋನ್ ಚಾಚಿದಳು.

“ಮೈಸೂರಿಂದ ಯಾರೋ ಮಾಡಿದ್ದ. ಮರಿಮಲ್ಲಪ್ಪನಂತೆ. ತಿರ್ಗಾ ಮಾಡ್ತಾವ್ನೆ ನೋಡು.”

ನಾಲ್ಕೂ ಕಾಲು ಗಂಟೆ. ಭಾನು ಫೋನ್ ಎತ್ತಿದಳು.

“ಮೇಡಮ್ಮೋರೆ, ಮಣ್ಣಾಯ್ತಾ?”

“ಆಯ್ತು ಮರಿಮಲ್ಲಣ್ಣ. ಯಾಕೆ?”

ಅವನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಕರೆಂಟು ಹೋದದ್ದು, ಪೆಟ್ಟಿಗೆಯ ಅಂಕಿ, ಬ್ಯಾಟರಿ ಕೂಗಿಕೊಳ್ಳತೊಡಗಿದ್ದು, ಕೂಗಿ ಕೂಗಿ ನಿಂತದ್ದು. ನಿಂತು ಅರ್ಧ ಗಂಟೆಯಾಗಿತ್ತು.

ಭಾನು ಕಣ್ಣು ಮುಚ್ಚಿ ಲೆಕ್ಕ ಹಾಕಿದಳು. ಅವಳು ಮಣ್ಣು ಹಾಕಿ ಬದುವಿನಿಂದ ಮನೆಗೆ ನಡೆದು ಬರುತ್ತಿದ್ದ ಹೊತ್ತು ಅದು.

“ಕರೆಂಟು ಹೋದಾಗ್ಲೇ ಹೇಳಿದ್ರೆ ಆಗ್ತಿತ್ತಲ್ಲ ಅಣ್ಣ.”

“ಎಂಗ್ ಯೋಳ್ಲಿ ಮೇಡಮ್ಮೋರೆ,” ಎಂದ ಅವನು. “ಅಪ್ಪನ್ನ ಮುಂದ್ ಮಡಿಕ್ಕಂಡು ಕುಂತಿರೋರ್ಗೆ ನಾನ್ ಎಂಗ್ ಯೋಳ್ಲಿ?”

ಭಾನು, ಯಾವುದನ್ನೂ ಮುಟ್ಟಬೇಡ, ಬರುತ್ತೇನೆ ಎಂದು ಫೋನ್ ಇಟ್ಟಳು. ಸೋಮಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

“ಏನಮ್ಮಿ? ಮಿಷಿನ್ಗೆ ಏನಾರ ಆಯ್ತಾ? ಅವ ಏನೋ ಮಿಷಿನು ಅಂದ. ಆದ್ರೆ ಏನಾದದು, ಅಣ್ಣನ ಮಣ್ಣಾಗ್ಲಿ ಅಂತ ನಾನೂ ಸುಮ್ಕಾದೆ.”

“ಏನೂ ಇಲ್ಲ ಕಣತ್ತೆ.”

ಮಾರನೇ ದಿನ ಅವಳು ಹೊರಡಲಿಲ್ಲ. ಮೂರನೇ ದಿನ ಗುಂಡಿಗೆ ಹಾಲುತುಪ್ಪ ಬಿಟ್ಟು ಬಂದ ಕೂಡಲೇ ಚೀಲ ಹೆಗಲಿಗೆ ಹಾಕಿಕೊಂಡಳು. ಜಗಲಿಯ ಮೇಲೆ ತಲೆ ಬೋಳಿಸಿಕೊಂಡು ಕೂತಿದ್ದ ಶಾಂತರಾಜು ನೋಡಿದ.

“ಎಲ್ಗೆ?”

“ಮೈಸೂರ್ಗೆ. ಸಾಯಂಕಾಲ ಬಂದ್ಬುಡ್ತೀನಿ.”

“ಸೂತಕ ಕಣಮ್ಮಿ ಅದು, ಸೂತಕ! ಅನ್ನೊಂದ್ ದಿನ ಆಗೋಗಂಟ ಒಸ್ಲು ದಾಟಂಗಿಲ್ಲ. ನಾನು ಲಾರಿ ನಿಲ್ಸಿ ಕುಂತಿಲ್ವಾ? ನಿಂದೇನ್ ಮಾ ದೊಡ್ ಉದ್ಯೋಗ, ಕಣ್ಗೂ ಕಾಣ್ದೆ ಕೈಗೂ ಸಿಗ್ದೆ ಇರೋದ್ನ ಅಳ್ಯೋದು!”

“ಅಪ್ಪ ಇದ್ದಿದ್ರೆ ಓಗು ಅಂತಿತ್ತು.”

“ಅಪ್ಪ ಇಲ್ವಲ್ಲ ಈಗ. ಅದ್ಕೇ ಯೋಳ್ತಿರೋದು.”

ಆ ಮಾತು ಹೊರಬಿದ್ದ ಮೇಲೆ ಅವನೇ ಮುಖ ತಿರುಗಿಸಿದ. ಒಳಗಿನಿಂದ ಮೂಗಮ್ಮ, “ಓಗ್ಲಿ ಬುಡ್ಲಾ. ಸೂತಕ ಅವ್ಳ ಜೊತೇಲೆ ಓಯ್ತದೆ, ಜೊತೇಲೆ ಬತ್ತದೆ,” ಅಂದಳು. ಭಾನು ಹಂಗಳದ ಸ್ಟಾಪಿನಲ್ಲಿ ಊಟಿಯಿಂದ ಬಂದ ಬಸ್ಸು ಹತ್ತಿದಳು. ಗುಂಡ್ಲುಪೇಟೆ ದಾಟುವವರೆಗೂ ಸೀಟು ಸಿಗಲಿಲ್ಲ.

ಪ್ರಯೋಗಾಲಯದಲ್ಲಿ ಕರೆಂಟಿತ್ತು. ಎಲ್ಲ ದೀಪಗಳೂ ಉರಿಯುತ್ತಿದ್ದವು. ಯಂತ್ರದ ಪಂಪು ಮಾತ್ರ ಸದ್ದಿಲ್ಲದೆ ನಿಂತಿತ್ತು. ಹಗಲಿರುಳೂ ಕೇಳುತ್ತಿದ್ದ ಆ ಚಕ್‌ಚಕ್ ಸದ್ದಿಲ್ಲದೆ ಕೋಣೆ ಯಾರೋ ಖಾಲಿ ಮಾಡಿ ಹೋದ ಬಾಡಿಗೆ ಮನೆಯಂತಿತ್ತು. ಮರಿಮಲ್ಲಪ್ಪ ಬಾಗಿಲ ಬಳಿ ನಿಂತಿದ್ದ. ಗಡ್ಡ ಕೆರೆದಿರಲಿಲ್ಲ.

ಪರೀಕ್ಷೆಗೆ ಹೆಚ್ಚು ಹೊತ್ತು ಬೇಕಿರಲಿಲ್ಲ. ಗೇಟಿಗೂ ಪದರಕ್ಕೂ ನಡುವೆ ತೆಳ್ಳಗಿನ ನಿರೋಧಕವೊಂದು ಇರುತ್ತದೆ. ಅದು ಸರಿಯಿದ್ದರೆ ಗೇಟಿನಿಂದ ಪದರಕ್ಕೆ ಕರೆಂಟು ಸೋರುವುದಿಲ್ಲ. ಭಾನು ತಂತಿಗಳನ್ನು ಜೋಡಿಸಿ ಚೂರೇ ಚೂರು ವೋಲ್ಟೇಜು ಕೊಟ್ಟಳು. ಮೀಟರಿನ ಅಂಕಿ ನೆಗೆಯಿತು. ಕೆಳಗಿನ ಗೇಟಿನಲ್ಲೂ ನೋಡಿದಳು. ಅಲ್ಲಿಯೂ ಹಾಗೆಯೇ. ತಂತಿ ಬಿಚ್ಚಿ, ಬೇರೆ ತಂತಿ ಹಾಕಿ ಇನ್ನೊಮ್ಮೆ ನೋಡಿದಳು. ನಿರೋಧಕ ತೂತಾಗಿತ್ತು. ಸ್ಯಾಂಪಲ್ ಸತ್ತಿತ್ತು.

“ತಿರ್ಗಾ ತಣ್ಣಗ್ ಮಾಡುದ್ರೆ?” ಮರಿಮಲ್ಲಪ್ಪ ಕೇಳಿದ.

“ಇಲ್ಲಣ್ಣ.”

“ಒಸಾದು ಮಾಡಕ್ಕಾಗಲ್ವಾ?”

“ಇದನ್ನ ಮಾಡಕ್ಕೆ ಒಂದೂವರೆ ವರ್ಷ ಆಯ್ತು. ಮಾರ್ಚ್‌ಗೆ ನನ್ ಫೆಲೋಶಿಪ್ ಮುಗೀತದೆ.”

ಅವನು ಕೈಯಲ್ಲಿದ್ದ ಬಟ್ಟೆಯಿಂದ ಆಗಲೇ ಒರೆಸಿದ್ದ ಮೇಜನ್ನು ಮತ್ತೆ ಒರೆಸಿದ. ಒರೆಸುತ್ತಲೇ, ಅವಳ ಕಡೆ ನೋಡದೆ, “ದೊಡ್ ಮೇಡಮ್ಮು ಕೇಳ್ತಾರೆ,” ಎಂದ. “ಫೋನ್ ಸಿಗ್ನಲ್ ಇರ್ಲಿಲ್ಲ ಅಂದ್ಬುಡಿ ಮೇಡಮ್ಮೋರೆ. ನಿಮ್ಮೂರು ಕಾಡಂಚು, ಯಾರಾದ್ರೂ ನಂಬ್ತಾರೆ. ನನ್ ಗುತ್ಗೆನೂ ಮಾರ್ಚ್‌ಗೇನೆ ರಿನೀವಲ್ಲು.”

ಭಾನು ಆಗಲಿ ಎನ್ನಲಿಲ್ಲ, ಆಗದು ಎಂದೂ ಅನ್ನಲಿಲ್ಲ. ಅವಳ ಫೋನ್ ಬಡಿದುಕೊಂಡಿತು. ಜರ್ಮನಿಯಿಂದ ಸುಧಾಮಣಿ. ಮೊದಲು ಅಪ್ಪನ ವಿಷಯ ಕೇಳಿದರು, ಅವ್ವ ಹೇಗಿದ್ದಾರೆ ಎಂದರು. ಆ ಮಾತುಗಳಲ್ಲಿ ಅವಸರವಿರಲಿಲ್ಲ. ಆಮೇಲೆ ಕೇಳಿದರು:

“ಸ್ಯಾಂಪಲ್?”

“ಎರಡು ಗೇಟೂ ಶಾರ್ಟ್ ಆಗಿದೆ ಮೇಡಂ.”

ದೂರದಲ್ಲಿ ಯಾವುದೋ ಟ್ರ್ಯಾಮಿನ ಗಂಟೆ ಕೇಳಿಸಿತು.

“ಗೇಟು ಸೊನ್ನೆಯಲ್ಲಿ ಇರಲಿಲ್ವಾ?”

“ಇರಲಿಲ್ಲ. ಇಳಿಸದೆ ಹೋಗಿದ್ದೆ. ನನ್ನ ತಪ್ಪು.”

“ನಿಮ್ಮ ತಂದೆ ಆಸ್ಪತ್ರೇಲಿ ಇದ್ರು, ಅದು ನನಗೆ ಅರ್ಥವಾಗುತ್ತೆ. ಆದರೆ ನಾಲ್ಕು ಗಂಟೆ ಬ್ಯಾಟರಿ ಇತ್ತು. ಮರಿಮಲ್ಲಪ್ಪ ನಿಂಗೆ ಫೋನ್ ಮಾಡಲಿಲ್ವಾ?”

ಮರಿಮಲ್ಲಪ್ಪನ ಬಟ್ಟೆ ಮೇಜಿನ ಮೇಲೆ ನಿಂತಿತ್ತು. ಭಾನು ಐದು ವರ್ಷ ಮಾಡಿದ್ದು ಒಂದೇ ಕೆಲಸ. ಮೀಟರು ತೋರಿಸಿದ್ದನ್ನು ತೋರಿಸಿದ ಹಾಗೆಯೇ ಬರೆದುಕೊಳ್ಳುವುದು, ಇಷ್ಟವಿಲ್ಲದ ಅಂಕಿಯನ್ನೂ ಬಿಡದಿರುವುದು. ಯೋಚಿಸುವ ಮೊದಲೇ ಬಾಯಿ ಆಡಿಬಿಟ್ಟಿತ್ತು.

“ಮಾಡಿದ್ರು ಮೇಡಂ. ನಮ್ಮತ್ತೆ ಎತ್ತಿದ್ರು. ಇನ್ನೂ ಮಣ್ಣಾಗಿಲ್ಲ ಅಂತ ತಿಳಿದು, ನಂಗೆ ಹೇಳೋದು ಬೇಡ ಅಂತ ಮರಿಮಲ್ಲಣ್ಣನೇ ಅಂದ್ರಂತೆ. ನಮ್ಮ ಕಡೆ ಹಾಗೆ ಹೇಳಲ್ಲ ಮೇಡಂ. ಸಾವಿನ ಮನೇಲಿ.”

“ಹೇಳಲ್ಲ ಅಂದ್ರೆ? ಅವರ ಕೆಲಸವೇ ಅದು ತಾನೇ, ಹೇಳೋದು? ಇಳಿಸೋಕೆ ಬರಲ್ಲ ಅಂದ್ರೆ ಕೇಳಬೇಕು. ಅಷ್ಟೇ ತಾನೇ ಇದ್ದದ್ದು?” ಎಂದರು ಸುಧಾಮಣಿ. ದನಿ ಏರಿರಲಿಲ್ಲ. “ನಾಳೆ ನನ್ನ ಭಾಷಣದಿಂದ ಆ ಭಾಗ ತೆಗೀತೀನಿ ಭಾನು. ಮೊದಲನೇದೂ ಹೇಳಲ್ಲ. ಒಂದರ ಮೇಲೆ ನಿಂತು ಹೇಳೋಕಾಗಲ್ಲ. ನೀನು ಊರಿಗೆ ಹೋಗು, ಅಮ್ಮನ ಜೊತೆ ಇರು.”

ಅವಳು ಫೋನ್ ಜೇಬಿಗಿಟ್ಟಳು. ಮರಿಮಲ್ಲಪ್ಪ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೊಳೆಗೆ ಸಿಕ್ಕಿಸುತ್ತಿದ್ದ.

“ಅಣ್ಣ, ನಾನು...”

“ಇರ್ಲಿ ಬುಡಿ. ಇದ್ದದ್ದ ಇದ್ದಂಗೆ ಯೋಳ್ದಿರಿ.” ಅವನು ಅವಳ ಮುಖ ನೋಡಲಿಲ್ಲ. “ಊಟ ಮಾಡಿಲ್ಲ ಅನ್ನಿಸ್ತದೆ. ಕ್ಯಾಂಟೀನು ಮುಚ್ಬುಡ್ತಾರೆ, ಓಗಿ.”

ಅವಳು ಕ್ಯಾಂಟೀನಿಗೆ ಹೋಗಲಿಲ್ಲ.

ಹಂಗಳದಲ್ಲಿ ಬಸ್ಸಿಳಿದಾಗ ಸೂರ್ಯ ಗೋಪಾಲಸ್ವಾಮಿ ಬೆಟ್ಟದ ಕಡೆ ಇಳಿಯುತ್ತಿದ್ದ. ಮನೆಗೆ ಹೋಗದೆ ನೇರ ನರ್ಸರಿಗೆ ನಡೆದಳು. ಸೂತಕದ ಮನೆಯವರು ಸಸಿ ಮುಟ್ಟುವಂತಿಲ್ಲವೆಂದು ಪಕ್ಕದ ಹೊಲದ ಮಾದಣ್ಣ ನೀರು ಬಿಡುತ್ತಿದ್ದ. ಎಳೆಯ ಸಸಿಗೆ ಪೈಪಿನಿಂದಲೇ ಜೋರಾಗಿ ಬಿಟ್ಟಿದ್ದ. ಅರ್ಧಕ್ಕರ್ಧ ಟ್ರೇಗಳಲ್ಲಿ ಸಸಿಗಳು ಗುಣಿಯಿಂದ ಮೇಲೆದ್ದು ಬೇರು ಬಿಟ್ಟುಕೊಂಡು ಮಲಗಿದ್ದವು. ಮೂಗಮ್ಮ ಬದುವಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು. ಭಾನು ಪಕ್ಕದಲ್ಲಿ ಕೂತಳು.

“ನಿನ್ ಕೆಲ್ಸ ಒಂಟೋಯ್ತಾ?” ಅವ್ವ ಕೇಳಿದಳು.

“ಊ.”

“ಆವತ್ತು ಅವ ಫೋನ್ ಮಾಡಿದ್ದಂತಲ್ಲ. ಸೋಮಿ ಅತ್ಕಂಡು ಯೋಳುದ್ಲು, ನಾನೇ ಕೊಡ್ನಿಲ್ಲ ಅಂತ.” ಮೂಗಮ್ಮ ಒಂದು ಒಣಗಿದ ಸಸಿ ಎತ್ತಿ ಬೆರಳಲ್ಲಿ ತಿರುಗಿಸಿದಳು. ಸೂತಕವೆಂಬುದು ಅವಳಿಗೂ ಮರೆತಂತಿತ್ತು. “ಕೊಟ್ಟಿದ್ರೆ ಏನ್ ಮಾಡ್ಬೇಕಿತ್ತು ನೀನು?”

“ಅರ್ಧ ಗಂಟೆ ಫೋನಲ್ಲಿ ಯೋಳ್ಕೊಡ್ಬೇಕಿತ್ತು. ನೂರಕ್ಕೆ ಇಳ್ಸು, ತೊಂಬತ್ತಕ್ಕೆ ಇಳ್ಸು ಅಂತ. ಇಂಗೇ.”

“ಅಪ್ಪನ ತಲೆದೆಸೇಲಿ ಕುಂತ್ಕಂಡು?”

“ಇಲ್ಲ. ಇಲ್ಲಿ ಬಂದು, ನೆಟ್ ಕೆಳ್ಗೆ ನಿಂತ್ಕಂಡು.”

“ಅಂದ್ರೆ ಎದ್ದು ಬತ್ತಿದ್ದೆ.”

ಭಾನು ಮೂರು ದಿನದಿಂದ ಈ ಪ್ರಶ್ನೆಯನ್ನು ಸುತ್ತಿ ಬಳಸಿ ಹೋಗುತ್ತಿದ್ದಳು. ಬಸ್ಸಿನಲ್ಲಿ ನಿಂತಾಗಲೂ ಅದೇ. ಅವ್ವ ಅದನ್ನು ನೆಲದ ಮೇಲೆ ಇಟ್ಟುಬಿಟ್ಟಿದ್ದಳು.

“ಬತ್ತಿದ್ದೆ ಕಣವ್ವ,” ಎಂದಳು.

ಮೂಗಮ್ಮ ಕೈಯಲ್ಲಿದ್ದ ಸಸಿಯನ್ನು ಕೆಳಗಿಟ್ಟು, ಸೊಂಟ ಹಿಡಿದುಕೊಂಡು ಎದ್ದು, ದೀಪ ಹಚ್ಚುವ ಹೊತ್ತಾಯಿತೆಂದು ಮನೆ ಕಡೆ ನಡೆದಳು. ತಿಥಿ ಮುಗಿಯುವವರೆಗೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ಬೇರೆ ಮಾತೂ ಹೆಚ್ಚು ಆಡಲಿಲ್ಲ.

ಮಾರ್ಚ್ ಕೊನೆಗೆ ಭಾನುವಿನ ಫೆಲೋಶಿಪ್ ಮುಗಿಯಿತು. ಅವಳು ಸಲ್ಲಿಸಿದ ಪ್ರಬಂಧದಲ್ಲಿ ಪದರಗಳನ್ನು ತಿರುಚಿ ಕೂರಿಸುವ ವಿಧಾನದ ಮೇಲೆ ಮೂರು ಅಧ್ಯಾಯಗಳಿದ್ದವು, ಸ್ಥಿತ್ಯಂತರದ ಮೇಲೆ ಇರಲಿಲ್ಲ. ಮೊದಲ ಸ್ಯಾಂಪಲ್‌ನಲ್ಲಿ ಕಂಡದ್ದು ನಿಜವೋ ಕೊಳೆಯೋ ಎಂಬುದು ಗೊತ್ತಾಗಲಿಲ್ಲ. ಮರಿಮಲ್ಲಪ್ಪನ ಗುತ್ತಿಗೆಯನ್ನು ಕೇಂದ್ರ ಮುಂದುವರಿಸಲಿಲ್ಲ. ಭಾನು ಎರಡು ಸಲ ಫೋನ್ ಮಾಡಿದಳು. ಅವನು ಎತ್ತಲಿಲ್ಲ.

ಜೂನ್‌ನಲ್ಲಿ ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಸೇರುವ ಮೊದಲು ತನ್ನ ಪುಸ್ತಕ ತರಲು ಅವಳು ಪ್ರಯೋಗಾಲಯಕ್ಕೆ ಹೋದಳು. ಯಂತ್ರ ಮತ್ತೆ ಚಕ್‌ಚಕ್ ಎನ್ನುತ್ತಿತ್ತು, ಒಳಗೆ ಬೇರೆ ತಂಡದ ಸ್ಯಾಂಪಲ್ ಇತ್ತು. ಜನರೇಟರ್ ಬಂದಿತ್ತು. ಪಕ್ಕದ ಗೋಡೆಗೆ ಹೊಸ ಸೂಚನೆಯೊಂದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಮುದ್ರಿಸಿ ಅಂಟಿಸಿದ್ದರು: ಕರೆಂಟು ಹೋದಲ್ಲಿ, ಯಾವುದೇ ಸಮಯದಲ್ಲಿ, ಯಾವುದೇ ಪರಿಸ್ಥಿತಿಯಲ್ಲಿ, ಸಂಬಂಧಪಟ್ಟವರಿಗೆ ತಕ್ಷಣ ಫೋನ್ ಮಾಡತಕ್ಕದ್ದು.